ಕಾರ್ಬನ್ ಏರ್‌ಬಾಕ್ಸ್: ಬೋಲ್ಟ್ ಬಿಚ್ಚುವ ಮುಂಚೆ ಇಸಿಯು ವಿಷಯ ಮುಗಿಸಿಕೊಳ್ಳಿ

ಪ್ರಶ್ನೆ: ನನ್ನ ಹತ್ತಿರ ಬಿಎಂಡಬ್ಲ್ಯು ಇ46 ಎಂ3 ಇದೆ, ಮ್ಯಾನ್ಯುಯಲ್ ಗೇರ್‌ಬಾಕ್ಸ್. ಎಂಜಿನ್‌ನಲ್ಲಿ ಏನೂ ಬದಲಾಯಿಸಿಲ್ಲ. ಸಿಎಸ್‌ಎಲ್ (ಎಂ3ಯ ಹಗುರ ವಿಶೇಷ ಆವೃತ್ತಿ) ಮಾದರಿಯ ಕಾರ್ಬನ್ ಫೈಬರ್ ಇನ್‌ಟೇಕ್ ಏರ್‌ಬಾಕ್ಸ್, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ಡಬ್ಬ, ಹಾಕಬೇಕು ಅಂತ ಬಹಳ ದಿನದ ಆಸೆ. ಮಾರುವವರು "ಹಳೇದು ಬಿಚ್ಚಿ ಹೊಸದು ಕೂರಿಸಿ, 20 ಪಿಎಸ್ (ಅಶ್ವಶಕ್ತಿ) ಸಿಗುತ್ತದೆ" ಅನ್ನುತ್ತಾರೆ. ನನ್ನ ಮೆಕ್ಯಾನಿಕ್ "ಟ್ಯೂನ್ ಮಾಡಿಸದೆ ಕೈ ಹಾಕಬೇಡಿ" ಅನ್ನುತ್ತಾರೆ. ಯಾರ ಮಾತು ಸರಿ? ಕಾರ್ಬನ್ ಆಗಿರುವುದರಿಂದ ಒಳಗಿನ ಗಾಳಿ ನಿಜವಾಗಿಯೂ ತಣ್ಣಗಿರುತ್ತದಾ? ಕೈಯಲ್ಲಿ ಉಪಕರಣ ಹಿಡಿದು ಅಭ್ಯಾಸ ಇರುವ ನಾನು ಇದನ್ನು ನಾನೇ ಹಾಕಬಹುದಾ?

ಉತ್ತರ: ನಿಮ್ಮ ಮೆಕ್ಯಾನಿಕ್ ಮಾತು ಸರಿ. ಕೂರಿಸುವ ಕೆಲಸ ನೀವೇ ಮಾಡಬಹುದು, ಒಂದು ಇಡೀ ದಿನ ಬಿಡುವು ಮಾಡಿಕೊಳ್ಳಿ. ಆದರೆ ಈ ಕಾರಿನಲ್ಲಿ ಸಿಎಸ್‌ಎಲ್ ಮಾದರಿಯ ಏರ್‌ಬಾಕ್ಸ್ ಅಂದರೆ ಬರೀ ಒಂದು ಡಬ್ಬ ತೆಗೆದು ಇನ್ನೊಂದು ಡಬ್ಬ ಇಡುವುದಲ್ಲ. ಎಂಜಿನ್ ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಅಂತ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ತಿಳಿದುಕೊಳ್ಳುವ ರೀತಿಯೇ ಬದಲಾಗುತ್ತದೆ. ಮಾರುವವರು ಬಾಯಿ ಬಿಡದೇ ಇರುವುದು ಇದೊಂದೇ ವಿಷಯದಲ್ಲಿ.

ನಿಮ್ಮ ಕಾರಿನ ಎಸ್54 ಎಂಜಿನ್‌ನಿಂದಲೇ ಶುರು ಮಾಡೋಣ. 3246 ಸಿಸಿ, ಸಾಲಾಗಿ ಆರು ಸಿಲಿಂಡರ್, ಒಂದೊಂದಕ್ಕೂ ಅದರದೇ ಥ್ರಾಟಲ್, ಅಂದರೆ ಗಾಳಿಯ ಬಾಗಿಲು. 7900 ಆರ್‌ಪಿಎಂನಲ್ಲಿ 343 ಪಿಎಸ್. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತದೆ. ಆ ಲೆಕ್ಕದಲ್ಲಿ 7900 ಆರ್‌ಪಿಎಂಗೆ ಸೆಕೆಂಡಿಗೆ ಸುಮಾರು 214 ಲೀಟರ್ ಗಾಳಿ ಆಯಿತು. ಅಷ್ಟೂ ಗಾಳಿ ಮೊದಲು ಫಿಲ್ಟರ್ ದಾಟುತ್ತದೆ. ಆಮೇಲೆ ಮಾಸ್ ಏರ್‌ಫ್ಲೋ ಸೆನ್ಸರ್, ಅಂದರೆ ಮ್ಯಾಫ್, ಅದರ ಮೂಲಕ ಹಾದು ರಬ್ಬರ್ ಪೈಪಿಗೆ ಬರುತ್ತದೆ. ಅಲ್ಲಿಂದ ಆರು ಥ್ರಾಟಲ್‌ಗಳ ಮುಂದಿರುವ ಪ್ಲಾಸ್ಟಿಕ್ ಪ್ಲೀನಂ ಸೇರುತ್ತದೆ. ಪ್ಲೀನಂ ಅಂದರೆ ಆರು ಥ್ರಾಟಲ್‌ಗೂ ಸೇರಿ ಇರುವ ಗಾಳಿಯ ಕೋಣೆ.

2003ರಲ್ಲಿ ಬಂದ ಎಂ3 ಸಿಎಸ್‌ಎಲ್‌ನಲ್ಲಿ ಬಿಎಂಡಬ್ಲ್ಯು ಈ ಇಡೀ ದಾರಿಯನ್ನು ಬದಲಿಸಿತು. ದೊಡ್ಡ ಕಾರ್ಬನ್ ಡಬ್ಬ ಬಂತು, ಮುಂದಿನ ಬಂಪರ್‌ನಲ್ಲಿ ಒಂದು ದುಂಡನೆ ತೂತು ಬಂತು, ಮ್ಯಾಫ್ ಪೂರ್ತಿ ಹೋಯಿತು. ಅದರ ಬದಲು ಥ್ರಾಟಲ್ ಎಷ್ಟು ತೆರೆದಿದೆ ಮತ್ತು ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಅನ್ನುವುದನ್ನು ನೋಡಿ ಇಸಿಯು ಗಾಳಿಯ ಲೆಕ್ಕ ಹಾಕುತ್ತದೆ. ಟ್ಯೂನರ್‌ಗಳು, ಅಂದರೆ ಇಸಿಯು ಸಾಫ್ಟ್‌ವೇರ್ ತಿದ್ದುವವರು, ಇದನ್ನು ಆಲ್ಫಾ-ಎನ್ ಅನ್ನುತ್ತಾರೆ. ಇದರ ಜೊತೆಗೆ ಒಂದು ಒತ್ತಡದ ಸೆನ್ಸರ್, ಅಂದರೆ ಮ್ಯಾಪ್ ಸೆನ್ಸರ್, ಆ ಲೆಕ್ಕವನ್ನು ತಿದ್ದುತ್ತಾ ಇರುತ್ತದೆ. ಆರು ಥ್ರಾಟಲ್ ಇರುವ ಎಂಜಿನ್‌ನಲ್ಲಿ ಒಂದು ಸಿಲಿಂಡರ್‌ನ ಪೈಪಿನಿಂದ ನೇರವಾಗಿ ಒತ್ತಡ ಅಳೆದರೆ ಮುಳ್ಳು ಕುಣಿಯುತ್ತಲೇ ಇರುತ್ತದೆ. ಅದಕ್ಕೇ ಆರೂ ಸಿಲಿಂಡರ್‌ಗೆ ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ತಿರುಗುವಾಗಿನ) ಗಾಳಿ ಹಂಚುವ ಸಣ್ಣ ಕೊಳವೆ, ಅಂದರೆ ರೈಲ್‌ನಿಂದ ಆ ಒತ್ತಡವನ್ನು ತೆಗೆದುಕೊಳ್ಳುತ್ತಾರೆ.

ಈಗ ಹಳೆಯ ಸಾಫ್ಟ್‌ವೇರ್ ಇಟ್ಟುಕೊಂಡೇ ಈ ಡಬ್ಬ ಹಾಕಿದರೆ ಏನಾಗುತ್ತದೆ ನೋಡಿ. ಮ್ಯಾಫ್ ಕಿತ್ತರೆ ಇಸಿಯುಗೆ ಮುಖ್ಯ ಮಾಹಿತಿಯೇ ಇಲ್ಲ. ಫಾಲ್ಟ್ ಕೋಡ್ ಹಾಕಿ, ಅಂದಾಜಿನ ಲೆಕ್ಕದಲ್ಲಿ ಹೇಗೋ ಓಡಿಸುತ್ತದೆ. ಕೆಲವರು ಮ್ಯಾಫ್ ಅನ್ನು ಹೊಸ ಪೈಪಿನಲ್ಲಿ ಎಲ್ಲೋ ಒಂದು ಕಡೆ ಸಿಕ್ಕಿಸಿ "ಸೆನ್ಸರ್ ಇದೆಯಲ್ಲ" ಅನ್ನುತ್ತಾರೆ. ಇದು ಇನ್ನೂ ಕೆಟ್ಟದ್ದು, ಯಾಕೆಂದರೆ ಡ್ಯಾಶ್‌ನಲ್ಲಿ ಯಾವ ದೀಪವೂ ಹತ್ತದೆ ಇರಬಹುದು. ಮ್ಯಾಫ್ ತನ್ನ ಮೇಲೆ ಹಾದುಹೋಗುವ ಗಾಳಿಯ ಹರಿವನ್ನಷ್ಟೇ ಗ್ರಹಿಸುತ್ತದೆ. ಪೈಪಿನ ಅಗಲ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ, ಕಾರ್ಖಾನೆಯ ಪೈಪೇ ಇದೆ ಅಂದುಕೊಂಡಿರುತ್ತದೆ. ಉದಾಹರಣೆಗೆ 85 ಮಿಲಿಮೀಟರ್ ಪೈಪಿನ ಜಾಗದಲ್ಲಿ 90 ಮಿಲಿಮೀಟರ್ ಪೈಪ್ ಬಂತು ಅನ್ನಿ. ಅಗಲದಲ್ಲಿ ಐದೇ ಮಿಲಿಮೀಟರ್ ವ್ಯತ್ಯಾಸ, ಆದರೆ ಅಡ್ಡ ಕೊಯ್ದಾಗಿನ ವಿಸ್ತೀರ್ಣ ಶೇ. 12ರಷ್ಟು ಹೆಚ್ಚು. ಅಷ್ಟೇ ಗಾಳಿ ಈಗ ನಿಧಾನಕ್ಕೆ ಹರಿಯುತ್ತದೆ, ಸೆನ್ಸರ್ ಶೇ. 11ರಷ್ಟು ಕಡಿಮೆ ತೋರಿಸುತ್ತದೆ. ಇಸಿಯು ಪೆಟ್ರೋಲನ್ನೂ ಅಷ್ಟೇ ಕಡಿಮೆ ಹಾಕುತ್ತದೆ. ಸಾಧಾರಣವಾಗಿ ಓಡಿಸುವಾಗ ಎಕ್ಸಾಸ್ಟ್‌ನಲ್ಲಿ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರ್ ನೋಡಿಕೊಂಡು ತಿದ್ದಿಬಿಡುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆ ತಿದ್ದುವಿಕೆಯನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಎಂಜಿನ್‌ಗೆ ಅತಿ ಹೆಚ್ಚು ಬಿಸಿ ತಟ್ಟುವ ಹೊತ್ತಿನಲ್ಲೇ ಪೆಟ್ರೋಲ್ ಕಡಿಮೆ ಬಿದ್ದರೆ ನಾಕಿಂಗ್, ಅಂದರೆ ಸಿಲಿಂಡರ್ ಒಳಗೆ ಮಿಶ್ರಣ ತಾನಾಗಿಯೇ ಸಿಡಿಯುವುದು, ಶುರುವಾಗುತ್ತದೆ. 11.5ರ ಕಂಪ್ರೆಷನ್ ಇರುವ ಎಂಜಿನ್ ಇದು, ಇಂಥದ್ದನ್ನೆಲ್ಲ ಸಹಿಸುವುದಿಲ್ಲ.

ಹಾಗಾಗಿ ಡಬ್ಬಕ್ಕೆ ದುಡ್ಡು ಕೊಡುವ ಮೊದಲು ನಿಮ್ಮ ಇಸಿಯು ಯಾವುದು ಅಂತ ನೋಡಿಕೊಳ್ಳಿ. ಮೊದಮೊದಲ ಇ46 ಎಂ3ಗಳಲ್ಲಿ ಎಂಎಸ್‌ಎಸ್54 ಬರುತ್ತಿತ್ತು, ಆಮೇಲಿನವುಗಳಲ್ಲಿ ಎಂಎಸ್‌ಎಸ್54ಎಚ್‌ಪಿ. ಸಿಎಸ್‌ಎಲ್‌ನ ಸಾಫ್ಟ್‌ವೇರ್ ಎಚ್‌ಪಿ ಯೂನಿಟ್‌ಗಾಗಿ ಬರೆದಿದ್ದು. ಯೂನಿಟ್‌ನ ಮೇಲಿನ ಲೇಬಲ್‌ನ ಫೋಟೋ ತೆಗೆದು ಟ್ಯೂನರ್‌ಗೆ ಕಳಿಸಿ. ಹಳೆಯ ಯೂನಿಟ್ ಇದ್ದರೆ ಎಚ್‌ಪಿ ಹಾಕಿಸಬೇಕಾ, ಅಥವಾ ಇರುವುದರಲ್ಲೇ ಆಲ್ಫಾ-ಎನ್ ಸಾಫ್ಟ್‌ವೇರ್ ಬರೆಯುತ್ತಾರಾ ಅಂತ ಕೇಳಿ. ಇನ್ನೊಂದು ಮಾತು: ಸಿಎಸ್‌ಎಲ್ ಬಂದಿದ್ದು ಎಸ್‌ಎಂಜಿ (ಕ್ಲಚ್ ಪೆಡಲ್ ಇಲ್ಲದ) ಗೇರ್‌ಬಾಕ್ಸ್‌ನಲ್ಲಿ ಮಾತ್ರ. ನಿಮ್ಮದು ಮ್ಯಾನ್ಯುಯಲ್ ಆದ್ದರಿಂದ ಅದನ್ನು ಮೊದಲೇ ಹೇಳಿ, ಅದಕ್ಕೆ ತಕ್ಕಂತೆ ಸಾಫ್ಟ್‌ವೇರ್ ಹೊಂದಿಸಬೇಕಾಗುತ್ತದೆ. ಯಾವ ಪೆಟ್ರೋಲ್ ಹಾಕುತ್ತೀರಿ ಅನ್ನುವುದನ್ನೂ ಹೇಳಿ. ಈ ಎಂಜಿನ್ನಿಗೆ 98 ಆಕ್ಟೇನ್ ಒಳ್ಳೆಯದು. ನಿಮಗೆ ಅದಕ್ಕಿಂತ ಕಡಿಮೆಯದ್ದೇ ಸಿಗುವುದಾದರೆ ಇಗ್ನಿಷನ್ ಟೈಮಿಂಗ್ ಅದನ್ನು ನೋಡಿಕೊಂಡೇ ಇರಬೇಕು. ಮ್ಯಾಪ್ ಸೆನ್ಸರ್ ಇಲ್ಲದೆ ಬರೀ ಆಲ್ಫಾ-ಎನ್‌ನಲ್ಲಿ ಓಡಿಸುವವರೂ ಇದ್ದಾರೆ. ರಸ್ತೆಯಲ್ಲಿ ಓಡುವ ಕಾರಿಗೆ ನಾನು ಅದನ್ನು ಹೇಳುವುದಿಲ್ಲ. ಸೆನ್ಸರ್ ಮತ್ತು ಅದರ ವೈರಿಂಗ್‌ಗೆ ಆಗುವ ಖರ್ಚು ಉಳಿದ ಖರ್ಚಿನ ಮುಂದೆ ಸಣ್ಣದು, ಆದರೆ ಬೆಟ್ಟ ಹತ್ತಿ ಇಳಿದರೂ ಹವೆ ಬದಲಾದರೂ ಎಂಜಿನ್ ಒಂದೇ ಸಮ ಓಡುತ್ತದೆ.

ಇನ್ನು 20 ಪಿಎಸ್ ಮಾತು. ಸಿಎಸ್‌ಎಲ್ ಎಂಜಿನ್ 360 ಪಿಎಸ್ ಕೊಡುತ್ತದೆ, ಮಾಮೂಲಿ ಎಂ3 343. ವ್ಯತ್ಯಾಸ 17. ಆ 17ನ್ನೂ ಏರ್‌ಬಾಕ್ಸ್‌ನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಸಿಎಸ್‌ಎಲ್‌ನಲ್ಲಿ ಕ್ಯಾಮ್‌ಶಾಫ್ಟ್ ಬೇರೆ, ಎಕ್ಸಾಸ್ಟ್ ವಾಲ್ವ್ ಬೇರೆ, ಸಾಫ್ಟ್‌ವೇರ್ ಬೇರೆ. ಅದೆಲ್ಲ ಸೇರಿ ಬಂದದ್ದು 17. ಬರೀ ಡಬ್ಬ ಹಾಕಿ 20 ಸಿಗುತ್ತದೆ ಅಂದರೆ ತಯಾರಿಸಿದ ಕಂಪನಿಗಿಂತ ಇವರಿಗೆ ಜಾಸ್ತಿ ಸಿಕ್ಕಿತು ಅಂತಾಯಿತು, ಅಲ್ವಾ?

ನಿಮ್ಮ ಕಾರಿನಲ್ಲಿ ಹೆಚ್ಚೆಂದರೆ ಎಷ್ಟು ಸಿಗಬಹುದು ಅಂತ ಡಬ್ಬ ಕೊಳ್ಳುವ ಮುಂಚೆಯೇ ಅಳೆಯುವ ದಾರಿ ಇದೆ. ಇದನ್ನು ಮಾಡುವವರು ತೀರಾ ಕಡಿಮೆ, ಆದರೆ ನನಗೆ ಬಹಳ ಇಷ್ಟವಾದ ಪರೀಕ್ಷೆ. ಈಗಿರುವ ಪ್ಲೀನಂಗೆ ಗಾಳಿ ಸೋರದ ಹಾಗೆ ಒಂದು ತೆಳು ಪೈಪ್ ಜೋಡಿಸಿ ಕಾರಿನ ಒಳಗೆ ತನ್ನಿ. ಅದಕ್ಕೆ ಒತ್ತಡ ತೋರಿಸುವ ಗೇಜ್ ಹಾಕಿ. ಗೇಜ್ ಇಲ್ಲದಿದ್ದರೆ ಪಾರದರ್ಶಕ ಟ್ಯೂಬನ್ನು ಇಂಗ್ಲಿಷಿನ ಯು ಆಕಾರಕ್ಕೆ ಬಗ್ಗಿಸಿ ಬಣ್ಣದ ನೀರು ತುಂಬಿದರೂ ಆಗುತ್ತದೆ. ಟ್ಯೂಬ್ ಒಂದು ಮೀಟರ್ ಎತ್ತರ ಇರಲಿ, ಇಲ್ಲದಿದ್ದರೆ ನೀರು ಎಂಜಿನ್ ಕಡೆ ಎಳೆದುಕೊಂಡು ಹೋದೀತು. ಟ್ರ್ಯಾಕ್‌ನಲ್ಲೋ ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೋ ಪೂರ್ತಿ ಥ್ರಾಟಲ್‌ನಲ್ಲಿ ರೆಡ್‌ಲೈನ್‌ವರೆಗೆ, ಅಂದರೆ ಎಂಜಿನ್‌ನ ಗರಿಷ್ಠ ಆರ್‌ಪಿಎಂವರೆಗೆ, ಎಳೆಯಿರಿ, ಪಕ್ಕದಲ್ಲಿ ಕೂತವರು ಗೇಜ್ ನೋಡಲಿ. ಎರಡು ಕಡೆಯ ನೀರಿನ ಮಟ್ಟದಲ್ಲಿ 10 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಸುಮಾರು ಒಂದು ಕಿಲೋಪಾಸ್ಕಲ್. ಹೊರಗಿನ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್. ಅಂದರೆ ಒಂದು ಕಿಲೋಪಾಸ್ಕಲ್ ನಷ್ಟಕ್ಕೆ ಸುಮಾರು ಶೇ. 1 ಗಾಳಿ ಕಡಿಮೆ, ನಿಮ್ಮ ಎಂಜಿನ್‌ನಲ್ಲಿ ಮೂರೂವರೆ ಪಿಎಸ್ ಅಷ್ಟು. ಈಗಿರುವ ದಾರಿಯಲ್ಲಿ ಎರಡು ಕಿಲೋಪಾಸ್ಕಲ್ ನಷ್ಟ ಕಂಡರೆ, ಗಾಳಿಗೆ ಒಂದಿಷ್ಟೂ ಅಡ್ಡಿ ಇಲ್ಲದ ಡಬ್ಬ ಬಂದರೂ ಆ ಬಾಬತ್ತಿನಿಂದ ಸಿಗುವುದು ಏಳು ಪಿಎಸ್ ಒಳಗೆ. ಪೈಪುಗಳ ಉದ್ದ, ಪ್ಲೀನಂನ ಗಾತ್ರ ಬದಲಾಗಿ ಗಾಳಿಯ ಅಲೆಗಳು ಬೇರೆ ಆರ್‌ಪಿಎಂನಲ್ಲಿ ಹೊಂದಿಕೊಂಡರೆ ಒಂದಷ್ಟು ಸೇರಬಹುದು. ಅದೇ ಕಾರಣಕ್ಕೆ ಇನ್ನೊಂದು ಆರ್‌ಪಿಎಂನಲ್ಲಿ ಒಂದಷ್ಟು ಕಡಿಮೆಯೂ ಆಗಬಹುದು. ಡೈನೋ ಹಾಳೆಯಲ್ಲಿ ತುದಿಯ ಅಂಕಿಯನ್ನಷ್ಟೇ ನೋಡಬೇಡಿ, 3000ದಿಂದ 5000ದವರೆಗಿನ ಗೆರೆಯನ್ನೂ ನೋಡಿ. ದಿನನಿತ್ಯ ನೀವು ಓಡಿಸುವುದು ಅಲ್ಲೇ.

ಕಾರ್ಬನ್ ಆಗಿರುವುದರಿಂದ ಗಾಳಿ ತಣ್ಣಗಿರುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಕಾರ್ಬನ್ ಎಳೆ ತನ್ನ ಉದ್ದಕ್ಕೂ ಬಿಸಿಯನ್ನು ಪ್ಲಾಸ್ಟಿಕ್‌ಗಿಂತ ಚೆನ್ನಾಗಿಯೇ ಸಾಗಿಸುತ್ತದೆ. ಕಾರ್ಖಾನೆಯ ಪ್ಲಾಸ್ಟಿಕ್ ಡಬ್ಬ ಬಿಸಿ ತಡೆಯುವುದರಲ್ಲಿ ಯಾವ ರೀತಿಯಲ್ಲೂ ಹಿಂದೆ ಬಿದ್ದಿಲ್ಲ. ಕಾರ್ಬನ್‌ನಿಂದ ಸಿಗುವ ಲಾಭ ಬೇರೆ: ತೆಳುವಾಗಿದ್ದರೂ ಗಟ್ಟಿ, ಹಗುರ, ಬೇಕಾದ ಆಕಾರಕ್ಕೆ ತರಬಹುದು. ಗಾಳಿಯನ್ನು ತಣ್ಣಗಿಡುವುದು ಅದು ಎಲ್ಲಿಂದ ಬರುತ್ತದೆ ಅನ್ನುವುದು. ಹೊರಗಿನ 25 ಡಿಗ್ರಿ ಗಾಳಿಯ ಬದಲು ಬಾನೆಟ್ ಒಳಗಿನ 55 ಡಿಗ್ರಿ ಗಾಳಿ ಎಳೆದರೆ ಅದರ ಸಾಂದ್ರತೆ ಶೇ. 9ರಷ್ಟು ಕಡಿಮೆ. ನೀರಿನ ಟ್ಯೂಬ್‌ನಲ್ಲಿ ಒಂದೊಂದೇ ಕಿಲೋಪಾಸ್ಕಲ್ ಲೆಕ್ಕ ಹಾಕಿದೆವಲ್ಲ, ಅದನ್ನೆಲ್ಲ ಇದು ಒಂದೇ ಏಟಿಗೆ ನುಂಗಿಹಾಕುತ್ತದೆ.

ನಿಮ್ಮ ಕಾರಿನಲ್ಲಿ ಇದು ದೊಡ್ಡ ವಿಷಯ, ಯಾಕೆಂದರೆ ನಿಮ್ಮದು ಸಿಎಸ್‌ಎಲ್ ಬಂಪರ್ ಅಲ್ಲ. ಮೂಲ ಸಿಎಸ್‌ಎಲ್ ಡಬ್ಬ ಬಂಪರ್‌ನ ಆ ದುಂಡು ತೂತಿನಿಂದ ತಣ್ಣನೆ ಗಾಳಿ ಎಳೆಯುತ್ತದೆ. ಮಾಮೂಲಿ ಬಂಪರ್‌ನ ಹಿಂದೆ ಅದೇ ಡಬ್ಬವನ್ನು ಬಾಯಿ ತೆರೆದು ಸುಮ್ನೆ ಬಿಟ್ಟರೆ ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯೇ ಅದಕ್ಕೆ ಗತಿ. ಆದ್ದರಿಂದ ಡಬ್ಬ ಆರಿಸುವಾಗ ಮುಂದಿನ ಡಕ್ಟ್ (ಗಾಳಿ ತರುವ ಕೊಳವೆ) ಜೊತೆಗೆ ಬರುತ್ತದಾ, ನಿಮ್ಮ ಬಂಪರ್‌ಗೆ ಹೊಂದುತ್ತದಾ, ಡಕ್ಟ್ ಮತ್ತು ಡಬ್ಬ ಸೇರುವಲ್ಲಿ ಸೀಲ್ ಇದೆಯಾ ನೋಡಿ. ಮೇಲಿನ ಹೊಳಪಿಗಿಂತ ಈ ಸೀಲ್ ಮುಖ್ಯ. ಬಂಪರ್ ತೂತಿನ ದಾರಿಯನ್ನೇ ಮಾಡಿಸುವುದಾದರೆ ನೀರಿನ ಬಗ್ಗೆ ಎಚ್ಚರ ಇರಲಿ. ಬಾಯಿ ಕೆಳಗೆ ಬಂದಷ್ಟೂ ನೀರು ನಿಂತ ರಸ್ತೆಯಲ್ಲಿ ಅಪಾಯ ಜಾಸ್ತಿ. ನೀರನ್ನು ಒತ್ತಿ ಕುಗ್ಗಿಸಲಾಗದು. ಸಿಲಿಂಡರ್ ಒಳಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಡಬ್ಬ ಕೈಗೆ ಬಂದಾಗ ಮೊದಲು ಒಳಗಡೆ ನೋಡಿ. ಹೊರಗಿನ ನೇಯ್ಗೆ ಎಲ್ಲರೂ ನೋಡುತ್ತಾರೆ, ಎಂಜಿನ್ನಿಗೆ ಬೇಕಾದದ್ದು ಒಳಗಿನ ಗೋಡೆ. ಈ ಮಾದರಿಯಲ್ಲಿ ಫಿಲ್ಟರ್ ಮುಂದೆ ಇರುತ್ತದೆ, ಅದರ ಹಿಂದಿನ ಜಾಗವೆಲ್ಲ ನೇರವಾಗಿ ಥ್ರಾಟಲ್‌ಗೆ ತೆರೆದುಕೊಂಡಿರುತ್ತದೆ. ಒಳಗೆ ರೆಸಿನ್‌ನ (ಎಳೆಗಳನ್ನು ಹಿಡಿದಿಡುವ ಅಂಟಿನ) ಸಣ್ಣ ಚೂರು ಅಂಟಿಕೊಂಡಿದ್ದರೆ ಇವತ್ತಲ್ಲ ನಾಳೆ ಬಿಸಿ ಮತ್ತು ಕಂಪನಕ್ಕೆ ಬಿಡಿಸಿಕೊಂಡು ನೇರ ಎಂಜಿನ್ ಒಳಗೇ ಹೋಗುತ್ತದೆ. ಬೆರಳಾಡಿಸಿ ನೋಡಿ. ಒರಟು ಅಂಚು, ಸಡಿಲ ಎಳೆ ಕಂಡರೆ ನೀರು ಹಾಕಿಕೊಂಡು ಸಣ್ಣ ಮರಳು ಕಾಗದದಲ್ಲಿ ಉಜ್ಜಿ. ಮಾಸ್ಕ್, ಕೈಗವಸು ಕಡ್ಡಾಯ. ಕಾರ್ಬನ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಚರ್ಮಕ್ಕೆ ತುರಿಕೆ. ಅದರಲ್ಲಿ ವಿದ್ಯುತ್ತೂ ಹರಿಯುತ್ತದೆ, ಅದಕ್ಕೇ ಈ ಕೆಲಸವನ್ನು ಕಾರಿನ ಹತ್ತಿರ, ತೆರೆದ ಕನೆಕ್ಟರ್‌ಗಳ ಹತ್ತಿರ ಮಾಡಬೇಡಿ. ಆಮೇಲೆ ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅಂಟಿನ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿ.

ಫೈಬರ್‌ಗ್ಲಾಸ್ ಮೇಲೆ ಒಂದು ಪದರ ಕಾರ್ಬನ್ ಅಂಟಿಸಿ ಮಾರುವ ಡಬ್ಬಗಳೂ ಇವೆ. ಒಳಗೋಡೆಯಲ್ಲೂ ಅಂಚಿನಲ್ಲೂ ನೇಯ್ಗೆ ಕಾಣದಿದ್ದರೆ ಕೇಳಿ ತಿಳಿದುಕೊಳ್ಳಿ. ಫೈಬರ್‌ಗ್ಲಾಸ್ ಆದ ಮಾತ್ರಕ್ಕೆ ಕೆಲಸಕ್ಕೆ ಬಾರದು ಅಂತಲ್ಲ, ಆದರೆ ಕಾರ್ಬನ್ ಬೆಲೆ ಯಾಕೆ ಕೊಡಬೇಕು? ಅದಕ್ಕಿಂತ ಮುಖ್ಯವಾಗಿ ಯಾವ ರೆಸಿನ್ ಬಳಸಿದ್ದಾರೆ, ಎಷ್ಟು ಡಿಗ್ರಿವರೆಗೆ ಗಟ್ಟಿಯಾಗಿರುತ್ತದೆ ಅಂತ ಕೇಳಿ. ಬರೀ ಕೋಣೆಯ ಶಾಖದಲ್ಲಿ ಒಣಗಿಸಿದ ಸಾಧಾರಣ ಎಪಾಕ್ಸಿ ಎಂಜಿನ್ ಬಿಸಿಗೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ಒಲೆಯಲ್ಲಿ ಬಿಸಿ ಕೊಟ್ಟು ಗಟ್ಟಿ ಮಾಡಿದ ಪ್ರಿಪ್ರೆಗ್ (ಮೊದಲೇ ರೆಸಿನ್ ಹೀರಿಸಿದ ಕಾರ್ಬನ್ ಬಟ್ಟೆಯ) ಡಬ್ಬ ಹಾಗಾಗುವುದಿಲ್ಲ. ಇದಕ್ಕೆ ಸರಿಯಾದ ಉತ್ತರ ಕೊಡದವರ ಹತ್ತಿರ ಕೊಳ್ಳಬೇಡಿ.

ಇನ್ನು ನೀವೇ ಹಾಕುವ ಕೆಲಸ. ಅದಕ್ಕೂ ಮುಂಚೆ ಎಂಜಿನ್ ಆರೋಗ್ಯವಾಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಎಸ್54ರ ವಾಲ್ವ್ ಕ್ಲಿಯರೆನ್ಸ್ ಆಗಾಗ ಅಳೆದು ಶಿಮ್ (ತೆಳು ಬಿಲ್ಲೆ) ಹಾಕಿ ಸರಿಮಾಡಬೇಕಾದದ್ದು. ವ್ಯಾನೋಸ್ (ವಾಲ್ವ್ ತೆರೆಯುವ ಸಮಯ ಬದಲಿಸುವ ಭಾಗ) ಸದ್ದು ಮಾಡುತ್ತಿದೆಯಾ, ರಾಡ್ ಬೇರಿಂಗ್ ಕಥೆ ಏನು ಅಂತ ತಿಳಿದಿರಬೇಕು. ಆರಂಭದ ಕಾರುಗಳ ರಾಡ್ ಬೇರಿಂಗ್‌ಗಾಗಿ ಬಿಎಂಡಬ್ಲ್ಯು ತಾನೇ ಕಾರುಗಳನ್ನು ವಾಪಸ್ ಕರೆಸಿ ಕೆಲಸ ಮಾಡಿತ್ತು. ಹೊಸ ಡಬ್ಬದ ಸದ್ದು ಕೇಳಿದ ಮೇಲೆ ನೀವು ಎಂಜಿನ್ನನ್ನು ಮೇಲಿನ ಆರ್‌ಪಿಎಂಗೆ ಜಾಸ್ತಿ ಒಯ್ಯುತ್ತೀರಿ, ಇದು ಖಂಡಿತ. ಸವೆದ ಬೇರಿಂಗ್‌ನ ಮೇಲೆ ಅದು ಒಳ್ಳೆಯದಲ್ಲ. ಬೇರಿಂಗ್‌ಗೂ ಏರ್‌ಬಾಕ್ಸ್‌ಗೂ ಒಟ್ಟಿಗೆ ದುಡ್ಡಿಲ್ಲ ಅಂದರೆ ಈ ವರ್ಷ ಬೇರಿಂಗ್ ಮಾಡಿಸಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಅಡ್ಡಲಾಗಿರುವ ಸ್ಟ್ರಟ್ ಬ್ರೇಸ್, ಕ್ಯಾಬಿನ್ ಫಿಲ್ಟರ್‌ನ ಗೂಡು, ಮ್ಯಾಫ್ ಮತ್ತು ರಬ್ಬರ್ ಪೈಪ್ ತೆಗೆದರೆ ಪ್ಲೀನಂ ಬಯಲಾಗುತ್ತದೆ. ಆರು ಥ್ರಾಟಲ್‌ಗೆ ಆರು ಕ್ಲಾಂಪ್, ಜೊತೆಗೆ ಹಿಡಿದಿರುವ ಬೋಲ್ಟ್‌ಗಳು. ಎಳೆಯುವ ಮುನ್ನ ಪ್ಲೀನಂನ ಕೆಳಗೆ ಕೈ ಹಾಕಿ ಎಲ್ಲ ಪೈಪ್ ಮತ್ತು ಸೆನ್ಸರ್ ವೈರ್ ಬಿಡಿಸಿದೆಯಾ ಅಂತ ನೋಡಿ. ಪ್ರತಿ ಪೈಪಿಗೂ ಟೇಪ್ ಸುತ್ತಿ ಗುರುತು ಬರೆಯಿರಿ, ಫೋಟೋ ತೆಗೆಯಿರಿ. ಪ್ಲೀನಂ ಹೊರಬಂದ ಕ್ಷಣದಲ್ಲೇ ಆರೂ ಥ್ರಾಟಲ್ ಬಾಯಿಗೆ ಸ್ವಚ್ಛ ಬಟ್ಟೆಯನ್ನೋ ಟೇಪನ್ನೋ ಹಾಕಿ ಮುಚ್ಚಿ. ಒಂದು ವಾಷರ್ ಒಳಗೆ ಬಿದ್ದರೆ ಹೆಡ್ ಬಿಚ್ಚುವ ಕೆಲಸ ಆದೀತು.

ಈ ಜಾಗ ಮತ್ತೆ ಇಷ್ಟು ಸುಲಭಕ್ಕೆ ತೆರೆದು ಸಿಗುವುದಿಲ್ಲ. ಹಾಗಾಗಿ ಆತುರ ಬೇಡ. ಐಡಲ್ ಕಂಟ್ರೋಲ್ ವಾಲ್ವ್ ತೆಗೆದು ಸ್ವಚ್ಛ ಮಾಡಿ, ಅದರ ರಬ್ಬರ್ ಹೊಸದು ಹಾಕಿ. ಕ್ರ್ಯಾಂಕ್‌ಕೇಸ್ ಬ್ರೀದರ್ ಪೈಪುಗಳು ಇಷ್ಟು ವರ್ಷಕ್ಕೆ ಬಿಸ್ಕತ್ತಿನ ಹಾಗೆ ಮುರಿಯುತ್ತವೆ, ಎಲ್ಲವನ್ನೂ ಬದಲಿಸಿ. ಸ್ಟಾರ್ಟರ್ ಮೋಟರ್ ಇರುವುದೂ ಇದರ ಕೆಳಗೇ. ಅದು ಆಗಲೇ ಎಳೆದಾಡುತ್ತಿದ್ದರೆ ಈಗಲೇ ಮುಗಿಸಿಬಿಡಿ. ಥ್ರಾಟಲ್ ಮತ್ತು ಹೆಡ್ ನಡುವಿನ ಕೀಲುಗಳನ್ನು ಟಾರ್ಚ್ ಹಿಡಿದು ನೋಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಮ್ಯಾಫ್ ಇದ್ದಾಗ, ಮ್ಯಾಫ್‌ನಿಂದ ಎಂಜಿನ್‌ವರೆಗೆ ಎಲ್ಲಿ ಗಾಳಿ ಸೋರಿದರೂ ಪೆಟ್ರೋಲ್ ಲೆಕ್ಕ ಕೆಡುತ್ತಿತ್ತು. ಈಗ ಥ್ರಾಟಲ್‌ನ ಹೊರಗೆ ಸೋರಿದರೆ ಪೆಟ್ರೋಲ್ ಲೆಕ್ಕ ಕೆಡುವುದಿಲ್ಲ, ಇಸಿಯುಗೆ ಗೊತ್ತೂ ಆಗುವುದಿಲ್ಲ. ಹಾಗಂತ ಅದು ಸಣ್ಣ ಸೋರಿಕೆ ಅಂತ ಬಿಡಬೇಡಿ. ಫಿಲ್ಟರ್ ದಾಟದ ಧೂಳು ಆ ಬಿರುಕಿನಿಂದ ದಿನವೂ ಒಳಗೆ ಹೋಗುತ್ತದೆ, ಯಾವ ದೀಪವೂ ಹತ್ತುವುದಿಲ್ಲ, ಸಿಲಿಂಡರ್ ಗೋಡೆ ಮಾತ್ರ ಸವೆಯುತ್ತದೆ. ಥ್ರಾಟಲ್‌ನ ಒಳಗಡೆ ಸೋರಿದರೆ ಐಡಲ್ ಏರಿಳಿಯುತ್ತದೆ, ಅದು ನಿಮಗೇ ತಿಳಿಯುತ್ತದೆ.

ಹೊಸ ಡಬ್ಬವನ್ನು ಒಂದು ಸಲ ಕ್ಲಾಂಪ್ ಇಲ್ಲದೆ ಸುಮ್ನೆ ಕೂರಿಸಿ ನೋಡಿ. ಆರು ರಬ್ಬರ್ ಬಾಯಿ ಒಟ್ಟಿಗೆ ಕೂರಬೇಕು, ಇಡೀ ಕೆಲಸದಲ್ಲಿ ಬೆವರಿಳಿಸುವುದು ಇದೇ. ಐದು ಕೂತು ಒಂದರ ಅಂಚು ಒಳಗೆ ಮಡಚಿಕೊಳ್ಳುವುದು ಬಹಳ ಸಾಮಾನ್ಯ, ಮೇಲಿನಿಂದ ಕಾಣುವುದಿಲ್ಲ. ಸಣ್ಣ ಕನ್ನಡಿ ಹಿಡಿದು ಕೆಳಗಿನಿಂದ ಆರನ್ನೂ ನೋಡಿ. ರಬ್ಬರನ್ನು ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿದರೆ ಸುಲಭವಾಗಿ ಕೂರುತ್ತದೆ. ಗ್ರೀಸ್, ಎಣ್ಣೆ ಹಚ್ಚಬೇಡಿ, ಆಮೇಲೆ ಅಲ್ಲಿಂದಲೇ ಜಾರಿ ಬಿಡುತ್ತದೆ. ಕ್ಲಾಂಪ್‌ನ ಸ್ಕ್ರೂ ತಲೆ ಎಲ್ಲವೂ ನಿಮ್ಮ ಸ್ಕ್ರೂಡ್ರೈವರ್‌ಗೆ ಸಿಗುವ ಕಡೆ ಮುಖ ಮಾಡಿರಲಿ.

ಗಾಳಿಯ ತಾಪಮಾನ ಅಳೆಯುವ ಸೆನ್ಸರ್‌ಗೆ ಹೊಸ ಡಬ್ಬದಲ್ಲಿ ಜಾಗ ಇರಬೇಕು. ಅದರ ತುದಿ ಹರಿಯುವ ಗಾಳಿಯಲ್ಲಿ ಇರಲಿ, ಗೋಡೆಗೆ ತಾಗಬಾರದು. ಫ್ಲಾಪ್ (ಗಾಳಿಯ ದಾರಿ ತೆರೆದು ಮುಚ್ಚುವ ರೆಕ್ಕೆ) ಇರುವ ಡಬ್ಬವಾದರೆ ಅದರ ವ್ಯಾಕ್ಯೂಮ್ ಪೈಪ್, ವಾಲ್ವ್ ಜೋಡಿಸಿ. ಫ್ಲಾಪ್ ಇಲ್ಲದ್ದಾದರೆ ಟ್ಯೂನರ್‌ಗೆ ಹೇಳಿ ಸಾಫ್ಟ್‌ವೇರ್‌ನಲ್ಲೂ ತೆಗೆಸಿ. ಅಲ್ಯೂಮಿನಿಯಂ ಬ್ರಾಕೆಟ್ ನೇರವಾಗಿ ಕಾರ್ಬನ್‌ಗೆ ತಾಗಿ ಮಧ್ಯೆ ತೇವ ಸೇರಿದರೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ. ನಡುವೆ ರಬ್ಬರ್ ಅಥವಾ ನೈಲಾನ್ ವಾಷರ್ ಇಡಿ, ಬೋಲ್ಟ್ ಸ್ಟೇನ್‌ಲೆಸ್ ಇರಲಿ. ಕಾರ್ಬನ್ ಮೇಲೆ ಬೋಲ್ಟ್ ಬಿಗಿಯುವಾಗ ಅಗಲ ವಾಷರ್ ಹಾಕಿ, ಕೈಗೆ ಬಿಗಿ ಅನ್ನಿಸಿದ ಕೂಡಲೇ ನಿಲ್ಲಿಸಿ. ಉಕ್ಕಿನ ಹಾಗೆ ಬಗ್ಗಿ ಎಚ್ಚರಿಕೆ ಕೊಡುವ ವಸ್ತು ಅಲ್ಲ ಇದು, ಒಳಗಿನ ಪದರ ಸದ್ದಿಲ್ಲದೆ ಬಿರಿಯುತ್ತದೆ.

ಡಬ್ಬ ಎಂಜಿನ್‌ಗೆ ಬಿಗಿದಿರುತ್ತದೆ, ಮುಂದಿನ ಡಕ್ಟ್ ಬಾಡಿಗೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಎಂಜಿನ್ ಮೌಂಟ್ ಮೇಲೆ ವಾಲುತ್ತದೆ. ಆದ್ದರಿಂದ ಎರಡರ ನಡುವಿನ ಕೀಲು ಮೆತ್ತಗೆ ಬಾಗುವಂತಿರಬೇಕು. ಡಬ್ಬದ ಎತ್ತರದ ಜಾಗಗಳ ಮೇಲೆ ಮಕ್ಕಳು ಆಡುವ ಕ್ಲೇ ಇಟ್ಟು ಬಾನೆಟ್ ಮುಚ್ಚಿ ತೆಗೆಯಿರಿ. ಕ್ಲೇ 10 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ಓಡಿಸುವಾಗ ಉಜ್ಜುತ್ತದೆ ಅಂತಲೇ ಲೆಕ್ಕ. ಮೊದಲು ಎಂಜಿನ್ ಮೌಂಟ್ ಸವೆದಿದೆಯಾ ನೋಡಿ.

ಸಾಫ್ಟ್‌ವೇರ್ ಹಾಕಿಸಿದ ಮೇಲೆಯೇ ಸ್ಟಾರ್ಟ್ ಮಾಡಿ. ಬ್ರೇಕ್ ಬೂಸ್ಟರ್‌ನ ವ್ಯಾಕ್ಯೂಮ್ ಪೈಪ್ ಕೂತಿದೆಯಾ ಅಂತ ಕಾರು ಕದಲಿಸುವ ಮುಂಚೆಯೇ ನೋಡಬೇಕು. ಎಂಜಿನ್ ನಿಂತಿರುವಾಗ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಕಾರು ಹೊರಗೆ ತೆಗೆಯಬೇಡಿ. ಐಡಲ್ ಸ್ಥಿರವಾಗಿದ್ದರೆ ಒಂದು ಸ್ಮೋಕ್ ಟೆಸ್ಟ್ (ಗಾಳಿಯ ದಾರಿಗೆ ಹೊಗೆ ತುಂಬಿ ಸೋರಿಕೆ ಹುಡುಕುವುದು) ಮಾಡಿಸಿ. ಆರು ರಬ್ಬರ್ ಬಾಯಿಗಳ ಬಗ್ಗೆ ಇರುವ ಅನುಮಾನವೆಲ್ಲ ಅದರಲ್ಲೇ ತೀರುತ್ತದೆ.

ಮೊದಲ ಕೆಲವು ದಿನ ಸ್ಕ್ಯಾನರ್ ಹಾಕಿ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ತಿದ್ದುತ್ತಿದೆ ಅನ್ನುವುದನ್ನು, ನೋಡುತ್ತಿರಿ. ಪ್ಲಸ್ ಮೈನಸ್ ಶೇ. 5ರ ಒಳಗಿದ್ದರೆ ಚೆನ್ನ. ಶೇ. 10 ದಾಟಿದರೆ ಏನೋ ಸರಿಯಿಲ್ಲ. ಈ ಎಂಜಿನ್‌ನಲ್ಲಿ ಮೊದಲ ಮೂರು ಸಿಲಿಂಡರ್ ಒಂದು ಬ್ಯಾಂಕ್, ಕೊನೆಯ ಮೂರು ಇನ್ನೊಂದು, ಎರಡಕ್ಕೂ ಬೇರೆ ಬೇರೆ ಲ್ಯಾಂಬ್ಡಾ ಸೆನ್ಸರ್. ಇದು ನಿಮಗೆ ದೊಡ್ಡ ಅನುಕೂಲ. ಎರಡೂ ಬ್ಯಾಂಕ್ ಒಂದೇ ರೀತಿ ಏರಿದರೆ ಮ್ಯಾಪ್ ಸೆನ್ಸರ್, ಐಡಲ್ ರೈಲ್ ಅಥವಾ ಟ್ಯೂನ್ ಕಡೆ ನೋಡಿ. ಒಂದೇ ಬ್ಯಾಂಕ್ ಏರಿದರೆ ಆ ಮೂರು ಸಿಲಿಂಡರ್‌ನ ಥ್ರಾಟಲ್ ಮತ್ತು ಹೆಡ್ ನಡುವೆ ಸೋರಿಕೆ ಹುಡುಕಿ. ಪೂರ್ತಿ ಥ್ರಾಟಲ್‌ನ ಮಿಶ್ರಣವನ್ನು ಮಾತ್ರ ಟ್ರಿಮ್ ನೋಡಿ ತಿಳಿಯಲಾಗದು. ಡೈನೋದಲ್ಲಿ ವೈಡ್‌ಬ್ಯಾಂಡ್ (ಮಿಶ್ರಣವನ್ನು ನಿಖರವಾಗಿ ಅಳೆಯುವ) ಸೆನ್ಸರ್ ಹಾಕಿ ನೋಡಬೇಕು. ಇಂಥ ಟರ್ಬೋ ಇಲ್ಲದ ಎಂಜಿನ್ನಿಗೆ 13ಕ್ಕೆ 1ರ ಆಸುಪಾಸು, ಅಂದರೆ 13 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್, ಇದ್ದರೆ ಸರಿ. 14ರ ಕಡೆ ಹೋಗುತ್ತಿದ್ದರೆ ಅಲ್ಲೇ ಕಾಲು ತೆಗೆಯಿರಿ.

ಗಾಳಿಯ ತಾಪಮಾನವನ್ನೂ ಬರೆದಿಟ್ಟುಕೊಳ್ಳಿ. ಸಿಗ್ನಲ್‌ನಲ್ಲಿ ನಿಂತಾಗ ಏರುವುದು ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತೆರೆದ ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಓಡಿದ ಮೇಲೂ ಹೊರಗಿನ ಹವೆಗಿಂತ 10 ಡಿಗ್ರಿಗೂ ಜಾಸ್ತಿ ತೋರಿಸುತ್ತಿದ್ದರೆ ಡಕ್ಟ್ ಎಲ್ಲೋ ಬಾನೆಟ್ ಒಳಗಿನ ಗಾಳಿ ಎಳೆಯುತ್ತಿದೆ. ಹಳೆಯ ಡಬ್ಬ ಇದ್ದಾಗಲೇ ಇದೇ ರಸ್ತೆಯಲ್ಲಿ ಒಂದು ಸಲ ಅಳೆದಿಟ್ಟುಕೊಂಡರೆ ಹೋಲಿಸಲು ಸುಲಭ. ಡೈನೋ ಕೂಡ ಹಾಗೆಯೇ: ಮೊದಲು ಮತ್ತು ಆಮೇಲೆ, ಎರಡೂ ಒಂದೇ ಯಂತ್ರದಲ್ಲಿ, ಬಾನೆಟ್ ಮುಚ್ಚಿ. ಬಾನೆಟ್ ತೆರೆದು ದೊಡ್ಡ ಫ್ಯಾನ್ ಬಿಟ್ಟು ತೆಗೆದ ಅಂಕಿ ರಸ್ತೆಯಲ್ಲಿ ಸಿಗುವುದಿಲ್ಲ.

ಫಿಲ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರ್ ಆದರೆ ಎಣ್ಣೆ ಮಿತವಾಗಿ ಹಚ್ಚಿ. ಧೂಳಿನ ಊರಾದರೆ ಒಣ ಫಿಲ್ಟರ್ ತೆಗೆದುಕೊಳ್ಳಿ. ಮ್ಯಾಫ್ ತೆಗೆದ ಕಾರು ಹೊಗೆ ತಪಾಸಣೆಯಲ್ಲಿ, ಶಬ್ದದ ಮಿತಿಯಲ್ಲಿ ನಿಮ್ಮ ಕಡೆ ಪಾಸಾಗುತ್ತದಾ ಅಂತ ಮೊದಲೇ ವಿಚಾರಿಸಿ, ವಿಮೆಯವರಿಗೂ ತಿಳಿಸಿ. ಹಳೆಯ ಪ್ಲೀನಂ, ಮ್ಯಾಫ್, ಪೈಪು, ಹಳೆಯ ಸಾಫ್ಟ್‌ವೇರ್‌ನ ಪ್ರತಿ ಎಲ್ಲವನ್ನೂ ಜೋಪಾನವಾಗಿ ಎತ್ತಿಡಿ.

ಇಷ್ಟೆಲ್ಲ ಓದಿ "ಹಾಗಾದರೆ ಯಾಕೆ ಹಾಕಬೇಕು" ಅನ್ನಿಸಬಹುದು. ಸದ್ದಿಗಾಗಿ ಹಾಕಿ, ಥ್ರಾಟಲ್‌ಗೆ ಎಂಜಿನ್ ಓಗೊಡುವ ಚುರುಕಿಗಾಗಿ ಹಾಕಿ. ಆರು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಮೂರು ಸಲ ಉಸಿರೆಳೆಯುತ್ತದೆ. 4000 ಆರ್‌ಪಿಎಂನಲ್ಲಿ ಅದು 200 ಹರ್ಟ್ಸ್, ರೆಡ್‌ಲೈನ್ ಹತ್ತಿರ 400ರ ಸುತ್ತ. ಕಾರ್ಖಾನೆಯ ಪ್ಲಾಸ್ಟಿಕ್ ಡಬ್ಬ, ಉದ್ದದ ಪೈಪು ಅದನ್ನು ಅಮುಕಿಡುತ್ತವೆ. ತೆಳು ಗಟ್ಟಿ ಗೋಡೆಯ ದೊಡ್ಡ ಡಬ್ಬ ಅದನ್ನು ಹಾಗೇ ಬಿಟ್ಟುಕೊಡುತ್ತದೆ. ನಾನು ಕೇಳಿದ ಎಂಜಿನ್ ಸದ್ದುಗಳಲ್ಲಿ ಇಷ್ಟು ಚೆಂದದ್ದು ಕಡಿಮೆ. ಅದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪೇನಿಲ್ಲ, 20 ಪಿಎಸ್ ಅನ್ನುವ ಲೆಕ್ಕದಲ್ಲಿ ಕೊಡಬೇಡಿ ಅಷ್ಟೇ.

ಈ ವಾರವೇ ಮಾಡಬಹುದಾದ ಕೆಲಸ ಎರಡಿದೆ: ಇಸಿಯು ಲೇಬಲ್‌ನ ಫೋಟೋ, ಆಮೇಲೆ ನೀರಿನ ಟ್ಯೂಬಿನ ಪರೀಕ್ಷೆ. ಅವೆರಡರ ಫಲಿತಾಂಶ ನನಗೆ ಬರೆದು ಕಳಿಸಿ. ಯಾವ ಡಬ್ಬ, ಯಾವ ಡಕ್ಟ್ ಅನ್ನುವುದನ್ನು ಅದಾದ ಮೇಲೆ ನೋಡೋಣ.